ಹಿಡಿತ ಇದೆ

ಗಾಲ್ಫ್ ಚೆಂಡನ್ನು ದೂರಕ್ಕೆ ಕಳಿಸುವುದು ಕೈ ಎಂದು ನಂಬಿದವರು ಬಹಳ ಜನ ಇದ್ದಾರೆ. ಬೆಟ್ಟದ ತಪ್ಪಲಿನ ಆ ಕ್ಲಬ್ಬಿನ ಮೆಂಬರುಗಳಲ್ಲಿ ಮುಕ್ಕಾಲು ಪಾಲು ಹಾಗೆ ನಂಬಿಕೊಂಡೇ ಮುದುಕರಾದವರು. ಮೂವತ್ತು ವರ್ಷದಿಂದ ಅವರ ಚೀಲ ಹೊತ್ತು ಹಿಂದೆ ಹಿಂದೆ ನಡೆಯುತ್ತಿದ್ದ ಮರಿಸ್ವಾಮಿಗೆ ಅದು ಶುದ್ಧ ಸುಳ್ಳೆಂದು ಗೊತ್ತಿತ್ತು. ಆದರೆ ಚೀಲ ಹೊರುವವನ ಮಾತನ್ನು ಯಾರು ಕೇಳುತ್ತಾರೆ? ಕೇಳಿದವಳು ಒಬ್ಬಳೇ, ಡಾಕ್ಟರ್ ಸರ್ವಮಂಗಳೆಯ ಮಗಳು ಧಾತ್ರಿ. ಆರು ವರ್ಷದವಳಿದ್ದಾಗ ಅವಳ ಕೈಗೆ ಕೋಲು ಕೊಟ್ಟು, ಹಿಂದೆ ನಿಂತು ಭುಜ ತಿದ್ದಿದವನು ಅವನೇ.

"ಕೈಲಿ ಹೊಡೀಬ್ಯಾಡ ಕೂಸೇ, ನೆಲದಿಂದ ಹೊಡಿ" ಎನ್ನುತ್ತಿದ್ದ. "ಪಾದ ನೆಲವ ಒತ್ತಬೇಕು. ತೊಡೆ ಸೊಂಟಕ್ಕೆ ಕೊಡಬೇಕು, ಸೊಂಟ ಬೆನ್ನಿಗೆ ಕೊಡಬೇಕು. ಕೈ ಬರೀ ಅಂಚೆಯವ್ನು. ತಂದದ್ದ ತಲುಪಿಸ್ತನೆ, ಅಷ್ಟೇಯ."

ಧಾತ್ರಿಗೆ ಈಗ ಹದಿನೇಳು. ಹೊಡೆತ ನೋಡಲು ಚೆಂದ, ಗುರಿ ತಪ್ಪುವುದು ಅಪರೂಪ, ದೂರ ಮಾತ್ರ ಹೋಗದು. ಕ್ಲಬ್ಬಿನ ಏಳನೆಯ ಗುಳಿಗೆ ಮುಂಚೆ ಒಂದು ಕೊಳವಿತ್ತು. ಅದನ್ನು ದಾಟಬೇಕಾದರೆ ಚೆಂಡು ಗಾಳಿಯಲ್ಲೇ ಇನ್ನೂರು ಗಜ ಹೋಗಬೇಕು. ಧಾತ್ರಿಯದು ನೂರ ಎಂಬತ್ತಕ್ಕೆ ಸುಸ್ತಾಗಿ ನೀರಿಗೆ ಬೀಳುತ್ತಿತ್ತು. ರಾಜ್ಯ ತಂಡದ ಆಯ್ಕೆ ಅದೇ ಮೈದಾನದಲ್ಲಿ, ಇನ್ನು ಮೂರು ತಿಂಗಳಿಗೆ.

"ಒಂದು ವರ್ಷ ನಂಗೆ ಬುಟ್ಟುಬುಡಿ ಡಾಕ್ಟ್ರಮ್ಮ, ಬಸ್ಕಿ ಹೊಡಿಸ್ತೀನಿ, ದಂಡ ಹಾಕಿಸ್ತೀನಿ. ಕೊಳ ಏನು, ಅದರಾಚೆ ಬೇಲಿನೂ ದಾಟಿಸ್ತದೆ" ಎಂದ ಮರಿಸ್ವಾಮಿ.

ಅವನು ಹೇಳಿದ್ದರಲ್ಲಿ ಬಡಾಯಿಯಿರಲಿಲ್ಲ. ಐವತ್ತನಾಲ್ಕರ ಆ ಮನುಷ್ಯ ತನ್ನ ಬೀದಿಯ ಗರಡಿಮನೆಯಲ್ಲಿ ದಿನವೂ ಮುನ್ನೂರು ಬಸ್ಕಿ, ನೂರು ದಂಡ ಮುಗಿಸಿ, ಗದೆ ತಿರುಗಿಸಿಯೇ ಕೆಲಸಕ್ಕೆ ಬರುತ್ತಿದ್ದ. ಹೆಗಲಿಗೊಂದರಂತೆ ಎರಡು ಚೀಲ ಹೊತ್ತು ಏಳನೆಯ ಗುಳಿಯ ಏರನ್ನು ಮಾತಾಡುತ್ತಲೇ ಹತ್ತುತ್ತಿದ್ದ. ಆವತ್ತು ಹಾಗೆ ಹತ್ತುತ್ತಿದ್ದವನ ಹಿಂದೆ ಏದುಸಿರು ಬಿಡುತ್ತ ಬಂದ ಸರ್ವಮಂಗಳೆಗೆ ಅನ್ನಿಸಿತು: ಈ ಮನುಷ್ಯನ ತೊಡೆಯ ಬಲದಲ್ಲಿ ಅರ್ಧ ನನ್ನ ಮಗಳಿಗಿದ್ದಿದ್ದರೆ. ಬೇರೆ ಯಾವ ತಾಯಿಯಾದರೂ ಇಷ್ಟಕ್ಕೆ ನಿಟ್ಟುಸಿರಿಟ್ಟು ಸುಮ್ಮನಾಗುತ್ತಿದ್ದಳು. ಸರ್ವಮಂಗಳೆ ವ್ಯಾಯಾಮ ಸಂಶೋಧನಾ ಕೇಂದ್ರವೊಂದರ ಮುಖ್ಯಸ್ಥೆ. ಸ್ನಾಯುವಿಗೆ ಬಲ ಎಲ್ಲಿಂದ ಬರುತ್ತದೆ ಎನ್ನುವುದನ್ನೇ ಒಂಬತ್ತು ವರ್ಷ ಹುಡುಕಿದ್ದವಳು. ಆಸೆ ಆಸೆಯಾಗಿ ಉಳಿಯಲಿಲ್ಲ.

ಕಸರತ್ತು ಮಾಡುವ ಹೊತ್ತಿಗೆ ಯಾರಿಗೂ ಬಲ ಬರುವುದಿಲ್ಲ, ಅದು ಬರುವುದು ಆಮೇಲೆ. ಭಾರ ಎತ್ತಿದಾಗ ಸ್ನಾಯುವಿನ ಎಳೆಗಳು ಅಲ್ಲಲ್ಲಿ ಸಣ್ಣಗೆ ಹರಿಯುತ್ತವೆ. ಹರಿದ ಜಾಗದಿಂದ ಕೆಲವು ಕಣಗಳು ರಕ್ತಕ್ಕಿಳಿದು, ಇಲ್ಲಿ ಹರಿದಿದೆ, ಮೊದಲಿಗಿಂತ ದಪ್ಪಗೆ ಹೆಣೆಯಿರಿ ಎಂದು ಮೈಗೆ ಸುದ್ದಿ ಮುಟ್ಟಿಸುತ್ತವೆ. ಸರ್ವಮಂಗಳೆ ತನ್ನ ಟಿಪ್ಪಣಿಗಳಲ್ಲಿ ಅವಕ್ಕೆ ಓಲೆಕಾರರು ಎಂದು ಹೆಸರಿಟ್ಟಿದ್ದಳು. ಅವಳು ಮಾಡಿದ್ದು ಎರಡು ಅಗಲವಾದ ಸೊಂಟಪಟ್ಟಿ. ಮೊದಲನೆಯದನ್ನು ಒಬ್ಬರು ಕಟ್ಟಿಕೊಂಡು ಕಸರತ್ತು ಮಾಡುತ್ತಾರೆ. ಅದರೊಳಗಿನ, ಚುಚ್ಚಿದ್ದೂ ತಿಳಿಯದಷ್ಟು ಸಣ್ಣ ಸೂಜಿಗಳು ಓಲೆಕಾರರನ್ನು ಓದುತ್ತವೆ. ಎರಡನೆಯದನ್ನು ಇನ್ನೊಬ್ಬರು ಕಟ್ಟಿಕೊಂಡು ಸುಮ್ಮನೆ ಕೂತರೆ ಸಾಕು, ಅದೇ ಓಲೆ ಅವರ ರಕ್ತದಲ್ಲಿ ಬರೆಯಲ್ಪಡುತ್ತದೆ. ತಾನೇ ಮುನ್ನೂರು ಬಸ್ಕಿ ಹೊಡೆದೆನೆಂದು ಆ ಮೈ ನಂಬಿ ಹೆಣೆಯತೊಡಗುತ್ತದೆ.

"ನಕಲು ತೆಗೆಯೋದು ಅಷ್ಟೇ ಮರಿಸ್ವಾಮಿ, ಜೆರಾಕ್ಸ್ ಇದ್ದ ಹಾಗೆ" ಎಂದು ಅವಳು ಒಪ್ಪಿಗೆ ಪತ್ರ ಮುಂದಿಟ್ಟಳು. "ನಿಮ್ಮದು ನಿಮ್ಮ ಹತ್ತಿರಾನೇ ಇರುತ್ತೆ."

"ಕೂಸಿಗಾ? ಹಂಗಿದ್ರೆ ಕೇಳಾದೇನದೆ, ಕಟ್ಟಿ" ಎಂದು ಅವನು ಓದದೆಯೇ ಸಹಿ ಹಾಕಿದ.

ಆಗ ಅವಳು ಸುಳ್ಳು ಹೇಳಿರಲಿಲ್ಲ. ಇಲಿಗಳ ಮೇಲೆ ಎರಡು ವಾರ ನೋಡಿದ್ದಳು, ನೂರು ಓಲೆಕಾರರಲ್ಲಿ ಎರಡು ಮಾತ್ರ ದಾರಿಯಲ್ಲಿ ಕಳೆದುಹೋಗಿದ್ದವು. ಆರು ತಿಂಗಳು ನೋಡಬೇಕೆಂಬುದು ಅವಳೇ ಬರೆದ ನಿಯಮ. ಆರು ತಿಂಗಳು ಆಯ್ಕೆ ಸಮಿತಿಯವರು ಕಾಯುತ್ತಾರೆಯೇ? ಅರವತ್ತು ದಿನದ ಪ್ರಯೋಗ ಎಂದು ಬರೆದು ಅವಳು ಕಡತ ಶುರು ಮಾಡಿದಳು.

ಬೆಳಗ್ಗೆ ಎಂಟಕ್ಕೆ ಮರಿಸ್ವಾಮಿ ಕೇಂದ್ರದ ಆರು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುತ್ತಿದ್ದ. ಪಟ್ಟಿ ಕಟ್ಟಿ ಕಸರತ್ತು ಮುಗಿಸಿ, ಬೆವರು ಒರೆಸಿಕೊಂಡು ಸ್ಟೂಲಿನ ಮೇಲೆ ಕೂರುತ್ತಿದ್ದ. ಸರ್ವಮಂಗಳೆ ರಿಜಿಸ್ಟರ್ ತೆರೆದು ಒಂದೊಂದೇ ಕಲಮಿನ ಹೆಸರು ಓದುತ್ತಿದ್ದಳು. ನಿದ್ರೆ, ಹಸಿವು, ಉಸಿರು, ಹಿಡಿತ. ಕೊನೆಯದು ಗಾಲ್ಫಿನವರಿಗೆಂದೇ ಇದ್ದ ಕಲಮು, ಕೋಲು ಹಿಡಿಯುವ ಕೈಯ ಬಿಗಿ ಅಳೆಯಲಿಕ್ಕೆ. ಮೊದಲೆರಡು ವಾರ ಮಾಪಕವನ್ನು ಅವನ ಕೈಗೆ ಕೊಟ್ಟು ಒತ್ತಿಸಿದ್ದಳು. ಅವನು ಒತ್ತಿದಾಗಲೆಲ್ಲ ಮುಳ್ಳು ಕೊನೆಯ ಗೆರೆಗೆ ಬಡಿದು ನಿಲ್ಲುತ್ತಿತ್ತು. ಒಡೆದೀತೆಂದು ಮಾಪಕವನ್ನು ಬೀರುವಿನಲ್ಲಿಟ್ಟು, ಮೂರನೆಯ ವಾರದಿಂದ ಬಾಯಲ್ಲೇ ಕೇಳತೊಡಗಿದಳು.

"ಹಿಡಿತ?"

ಮರಿಸ್ವಾಮಿ ಒಂದು ಗಳಿಗೆ ಅವಳ ಮುಖ ನೋಡಿದ. "ಒಸಿ ಅದೆ ಡಾಕ್ಟ್ರಮ್ಮ" ಎಂದ.

ಹಿಡಿತ ಇದೆ, ಎಂದು ಅವಳು ಬರೆದಳು. ನಾಲ್ಕನೆಯ ವಾರ ಕೇಳಿದಾಗ "ಅದೆ" ಎಂದ. ಐದನೆಯ ವಾರದ ಹೊತ್ತಿಗೆ "ಜೋರಾಗೇ ಅದೆ" ಎನ್ನತೊಡಗಿದ. ಈ ವಯಸ್ಸಿನಲ್ಲೂ ಎಂಥ ಕೈ ಎಂದು ಸರ್ವಮಂಗಳೆಗೆ ಸಂತೋಷವಾಯಿತು. ಹಿಡಿತ ಇದೆ ಎಂಬುದರ ಮುಂದೆ ಉತ್ತಮ ಎಂದೂ ಸೇರಿಸಿದಳು.

ಮನೆಯಲ್ಲಿ ಧಾತ್ರಿ ಕಾಲೇಜಿನಿಂದ ಬಂದವಳೇ ಎರಡನೆಯ ಪಟ್ಟಿ ಕಟ್ಟಿಕೊಂಡು ಊಟದ ಮೇಜಿಗೆ ಕೂತು ಲೆಕ್ಕ ಬಿಡಿಸುತ್ತಿದ್ದಳು. ಮೊದಮೊದಲು ಕಾಲು ಬಿಸಿಯಾಗುತ್ತೆ ಎನ್ನುತ್ತಿದ್ದಳು. ಆಮೇಲೆ ಚೂಡಿದಾರದ ಪ್ಯಾಂಟು ತೊಡೆಯ ಹತ್ತಿರ ಬಿಗಿಯಾಯಿತು. ಚೆಂಡು ನೂರ ತೊಂಬತ್ತು ಗಜಕ್ಕೆ ಹೋಯಿತು, ಹತ್ತೇ ದಿನದಲ್ಲಿ ನೂರ ತೊಂಬತ್ತಾರಕ್ಕೆ. ಹೈಸ್ಕೂಲಿನಲ್ಲಿ ಗಣಿತ ಹೇಳುವ ಅವಳಪ್ಪ ಗಂಗಾಧರ ಪಟ್ಟಿಯನ್ನು ನೋಡಿದಾಗಲೆಲ್ಲ ಕೆಣಕುತ್ತಿದ್ದ.

"ಕೂತಲ್ಲೇ ಪೈಲ್ವಾನರಾಗೋದಾದ್ರೆ ನಂಗೂ ಒಂದು ಕಟ್ಟೇ ಮಂಗಳಾ. ನಾನು ಪೇಪರ್ ತಿದ್ಕೊಂಡು ಕೂತಿರ್ತೀನಿ."

"ನಿಮಗೆ ಹೊಟ್ಟೆ ಕರಗೋ ಪಟ್ಟಿ ಬೇಕು. ಅದನ್ನ ಇನ್ನೂ ಕಂಡುಹಿಡಿದಿಲ್ಲ" ಎಂದಳು ಸರ್ವಮಂಗಳೆ. ಮನೆಯಲ್ಲಿ ಮೂವರೂ ನಕ್ಕರು. ಅವಳು ಅಷ್ಟು ಹಗುರಾಗಿ ನಕ್ಕ ಕೊನೆಯ ದಿನಗಳು ಅವು.

ನಲವತ್ತನೆಯ ದಿನದ ಸಂಜೆ ಅವಳು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಳು. ಹೊಸದಾಗಿ ಬಂದ ಗ್ಯಾಸ್ ಸಿಲಿಂಡರನ್ನು ಮೂಲೆಗೆ ಸರಿಸಲು ಬಗ್ಗಿದ ಗಂಗಾಧರ ಬಗ್ಗಿದಂತೆಯೇ ನಿಂತುಬಿಟ್ಟ.

"ಏನಾಯ್ತು?"

"ಹಿಡಿತ ಕಣೇ. ಸೊಂಟ ಹಿಡಿತ."

"ಜೋರಾಗಿದೆಯಾ?"

"ಜೋರಾಗೇ ಇದೆ."

ಸರ್ವಮಂಗಳೆಯ ಕೈಯ ಸೌಟು ನಿಂತಿತು. ಅದೇ ಪದ. ಅವಳ ತಾಯಿ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಳ್ಳುವಾಗ ಆಡುತ್ತಿದ್ದ ಪದ. ಕತ್ತು ಹಿಡಿತ, ಬೆನ್ನು ಹಿಡಿತ ಎಂದು ಅವಳೇ ನೂರು ಸಲ ಆಡಿದ ಪದ. ಪ್ರಯೋಗಾಲಯದ ಬಾಗಿಲು ದಾಟಿದ ಕೂಡಲೇ ಅದಕ್ಕೆ ಒಂದೇ ಅರ್ಥ ಎಂದು ಹೇಗೆ ಅಂದುಕೊಂಡೆ? ರವೆ ಸೀದು ಹೊಗೆಯೆದ್ದಾಗ ಧಾತ್ರಿ ಬಂದು ಒಲೆ ಆರಿಸಿದಳು.

ಮರುದಿನ ಅವಳು ಏಳಕ್ಕೇ ಕೇಂದ್ರಕ್ಕೆ ಹೋದಳು. ನಲವತ್ತು ದಿನದ ರಕ್ತದ ಮಾದರಿಗಳಲ್ಲಿ ಧಾತ್ರಿಯದನ್ನೆಲ್ಲ ಆಯಾ ದಿನವೇ ಪರೀಕ್ಷಿಸಿದ್ದಳು. ಮರಿಸ್ವಾಮಿಯ ಸೀಸೆಗಳು ಶೀತಪೆಟ್ಟಿಗೆಯಲ್ಲಿ ತಾರೀಖಿನ ಚೀಟಿ ಅಂಟಿಸಿಕೊಂಡು ಸಾಲಾಗಿ ಹಾಗೇ ಇದ್ದವು. ಕೊನೆಯ ಐದನ್ನು ಯಂತ್ರಕ್ಕಿಟ್ಟಳು. ನೂರು ಓಲೆಕಾರರಲ್ಲಿ ಅರವತ್ತೊಂದು ಎಲ್ಲಿಗೂ ತಲುಪಿರಲಿಲ್ಲ. ಕಾರಣ ಪರದೆಯ ಮೇಲೇ ಇತ್ತು. ಓಲೆ ಓದಲು ಸೂಜಿಯ ತುದಿ ಓಲೆಕಾರನನ್ನು ಒಂದು ಕ್ಷಣ ಹಿಡಿದುಕೊಳ್ಳಬೇಕು. ಹಿಡಿದು ಬಿಟ್ಟದ್ದು ಮುರಿದುಬೀಳುತ್ತಿತ್ತು. ಎರಡು ವಾರದ ಇಲಿಯಲ್ಲಿ ಕಾಣದ್ದು ನಲವತ್ತು ದಿನದ ಮನುಷ್ಯನಲ್ಲಿ ಕಂಡಿತ್ತು. ಮರಿಸ್ವಾಮಿಯ ಸ್ನಾಯುಗಳು ದಿನವೂ ಹರಿಯುತ್ತಿದ್ದವು, ಹೆಣೆಯಿರಿ ಎಂಬ ಸುದ್ದಿ ಅವನ ಮೈಗೆ ಮುಟ್ಟುತ್ತಿರಲಿಲ್ಲ. ಅದು ಅವಳ ಮನೆಯ ಊಟದ ಮೇಜಿಗೆ ಬರುತ್ತಿತ್ತು.

ಕಿಟಕಿಯಿಂದ ನೋಡಿದಾಗ ಮರಿಸ್ವಾಮಿ ಬರುತ್ತಿದ್ದ. ಆರು ಮೆಟ್ಟಿಲನ್ನು ಒಂದೊಂದಾಗಿ, ಕಂಬಿ ಹಿಡಿದು ಹತ್ತಿದ. ಮೂರನೆಯದರಲ್ಲಿ ಸ್ವಲ್ಪ ನಿಂತ. ಇದು ಎಷ್ಟು ದಿನದಿಂದ ಹೀಗಿದೆ ಎಂದು ನೆನಪಿಸಿಕೊಳ್ಳಲು ನೋಡಿದಳು, ಆಗಲಿಲ್ಲ. ಮಗಳ ತೊಡೆಯ ಸುತ್ತಳತೆಯನ್ನು ಪ್ರತಿ ಸೋಮವಾರ ಟೇಪು ಹಿಡಿದು ಬರೆದಿದ್ದವಳು ಅವನದನ್ನು ಮೊದಲ ದಿನದ ನಂತರ ಅಳೆದೇ ಇರಲಿಲ್ಲ. ಆವತ್ತು ಅಳೆದಳು. ಮೂರು ಸೆಂಟಿಮೀಟರ್ ಇಳಿದಿತ್ತು.

"ಇನ್ನೆಷ್ಟು ದಿನ ಡಾಕ್ಟ್ರಮ್ಮ?" ಎಂದು ಪಟ್ಟಿ ಕಟ್ಟಿಸಿಕೊಳ್ಳುತ್ತ ಅವನು ಕೇಳಿದ.

ಸಾಕು, ಎಂದು ಹೇಳಬೇಕಾದ ಜಾಗ ಅದು. ಆ ಒಂದು ಪದ ಅವಳ ಬಾಯಿಯವರೆಗೆ ಬಂದಿತ್ತು. ಅದರ ಬೆನ್ನಿಗೇ ಲೆಕ್ಕವೂ ಬಂತು. ಈಗ ನಿಲ್ಲಿಸಿದರೆ ಧಾತ್ರಿಯ ಮೈಯಲ್ಲಿ ಅರ್ಧ ಹೆಣೆದದ್ದು ಎರಡು ವಾರಕ್ಕೆ ಸಡಿಲವಾಗುತ್ತದೆ. ಇನ್ನು ನಾಲ್ಕು ಗಜ ಬಾಕಿ. ಮುಗಿದ ಮೇಲೆ ಇವರಿಗೆ ಒಂದು ತಿಂಗಳು ವಿಶ್ರಾಂತಿ ಕೊಟ್ಟರೆ ಎಲ್ಲ ಸರಿಹೋಗುತ್ತದೆ, ಗಟ್ಟಿ ಮೈ. ತನಗೆ ಬೇಕಾದ ಉತ್ತರ ಬರುವವರೆಗೆ ಲೆಕ್ಕವನ್ನು ತಿದ್ದುವ ಹುಡುಗರ ಬಗ್ಗೆ ಗಂಗಾಧರ ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದುಂಟು.

"ಇವತ್ತೂ ಸೇರಿ ಇಪ್ಪತ್ತು ದಿನ" ಎಂದಳು.

"ಅಷ್ಟೇನಾ. ಆಯ್ತು ಬುಡಿ."

ಕಸರತ್ತು ಮುಗಿಯುವ ಹೊತ್ತಿಗೆ ಅವನ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು. ಅವಳು ರಿಜಿಸ್ಟರ್ ತೆರೆದು ನಿದ್ರೆ, ಹಸಿವು, ಉಸಿರು ಕೇಳಿದಳು. ಕೊನೆಯದನ್ನು ಬಿಟ್ಟರೆ ಅವನಿಗೆ ಏನನ್ನಿಸೀತೋ ಎಂದು ಅದನ್ನೂ ಕೇಳಿದಳು.

"ಹಿಡಿತ?"

"ಅದೆ."

ಹಿಡಿತ ಇದೆ, ಎಂದು ಬರೆದಳು. ನಲವತ್ತು ದಿನ ಅದು ತಪ್ಪು ತಿಳಿವಳಿಕೆಯಾಗಿತ್ತು. ನಲವತ್ತೊಂದನೆಯ ದಿನದಿಂದ ಅದು ಮೋಸ. ಎರಡಕ್ಕೂ ಅಕ್ಷರಗಳು ಅವೇ, ಕೈಬರಹವೂ ಅದೇ. ಆ ಇಪ್ಪತ್ತು ದಿನವೂ ಅವಳಿಗೆ ಊಟ ರುಚಿಸಲಿಲ್ಲ, ಮಗಳ ಪಟ್ಟಿಯ ಕಡೆ ನೋಡಲಾಗಲಿಲ್ಲ. ಆದರೂ ಒಂದು ದಿನವೂ ತಪ್ಪದೆ ಎಂಟಕ್ಕೆ ಕೇಂದ್ರದಲ್ಲಿದ್ದಳು.

ಆಯ್ಕೆಯ ದಿನ ಧಾತ್ರಿಯ ಚೀಲ ಹೊತ್ತವನು ಮರಿಸ್ವಾಮಿಯೇ. ಬೇರೆಯವರು ಹೊರಲಿ ಎಂದು ಸರ್ವಮಂಗಳೆ ಎರಡು ಸಲ ಹೇಳಿದ್ದಳು, ಅವನು ಕೇಳಲಿಲ್ಲ. ಗುಳಿಯಿಂದ ಗುಳಿಗೆ ಹೋಗುವಾಗ ಚೀಲವನ್ನು ನೆಲಕ್ಕಿಟ್ಟು, ಲೇಸು ಕಟ್ಟಿಕೊಳ್ಳುವವನ ಹಾಗೆ ಬಗ್ಗುತ್ತಿದ್ದ. ಅವನ ಕಾಲಲ್ಲಿದ್ದದ್ದು ಲೇಸಿಲ್ಲದ ಬೂಟು. ನೋಡಿದವಳು ಅವಳೊಬ್ಬಳೇ.

ಏಳನೆಯದರಲ್ಲಿ ಧಾತ್ರಿ ಪಾದ ಊರಿ ನಿಂತಳು. ಅವಳ ಹಿಮ್ಮಡಿ ನೆಲವನ್ನು ಒತ್ತಿತು, ಸೊಂಟ ತಿರುಗಿತು, ಕೋಲು ಗಾಳಿ ಸೀಳಿದ ಸದ್ದು ಬಂತು. ಚೆಂಡು ಕೊಳದ ಮೇಲೆ ಹೋಗಿ, ಅದರಾಚೆಯ ಹುಲ್ಲಿನ ಮೇಲೆ ಬಿದ್ದು ಇನ್ನೂ ಹತ್ತು ಗಜ ಉರುಳಿತು. ಹುಡುಗಿ ಓಡಿಬಂದು ಮರಿಸ್ವಾಮಿಯ ಎರಡೂ ಕೈ ಹಿಡಿದುಕೊಂಡಳು.

"ನೆಲದಿಂದ ಹೊಡೆದೆ ಕೂಸೇ, ನೋಡ್ದೆ ನಾನು" ಎಂದ ಅವನು. ಅವನ ಕಣ್ಣಲ್ಲಿ ನೀರಿತ್ತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ವಮಂಗಳೆಯೂ ತಟ್ಟಿದಳು, ತಟ್ಟುತ್ತಲೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಸಂಜೆ ಆಯ್ಕೆಯಾದವರ ಪಟ್ಟಿ ಹಚ್ಚಿದಾಗ ಆರು ಹೆಸರುಗಳಲ್ಲಿ ಐದನೆಯದು ಧಾತ್ರಿಯದು.

ವಿಶ್ರಾಂತಿಯ ಒಂದು ತಿಂಗಳು ಕಳೆಯಿತು. ಮರಿಸ್ವಾಮಿ ಸರಿಹೋಗಲಿಲ್ಲ. ಅಷ್ಟು ದಿನ ಬಾರದ ಸುದ್ದಿಗೆ ಕಾದು ಕಾದು ಅವನ ಮೈ ಕಿವಿಗೊಡುವುದನ್ನೇ ಬಿಟ್ಟಿತ್ತು. ಕ್ಲಬ್ಬಿನವರು ಅವನನ್ನು ಚೆಂಡು ತೊಳೆಯುವ ಕೊಠಡಿಗೆ ಹಾಕಿದರು. ವಯಸ್ಸಾಯಿತು ಎಂದರು. ಯಾರಿಗೂ ಅನುಮಾನ ಬರಲಿಲ್ಲ, ಅವನಿಗೂ.

ಗರಡಿ ಪೂಜೆಗೆ ಅವನೇ ಬಂದು ಕರೆದ. "ಕೂಸ ಕರ್ಕೊಂಡು ಬನ್ನಿ ಡಾಕ್ಟ್ರಮ್ಮ. ರಾಜ್ಯಕ್ಕೆ ಆಡೋ ಕೂಸು, ಉಸ್ತಾದರ ಪಟಕ್ಕೊಂದು ಹೂವ ಹಾಕ್ಲಿ."

ಗರಡಿಯ ಬಾಗಿಲಾಚೆ ಹೆಂಗಸರ ಜೊತೆ ತಾಯಿ ಮಗಳು ನಿಂತರು. ಒಳಗೆ ಕೆಂಪು ಮಣ್ಣಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಮೂಲೆಯಲ್ಲಿ ಕಲ್ಲಿನ ದೊಡ್ಡ ಗದೆ. ಪೂಜೆಯಾದ ಮೇಲೆ ಅದನ್ನು ಇಪ್ಪತ್ತೊಂದು ಸುತ್ತು ತಿರುಗಿಸಿ ಇಡುವುದು ಹಿರಿಯ ಪೈಲ್ವಾನನ ಹಕ್ಕು. ಹದಿನೆಂಟು ವರ್ಷದಿಂದ ಅದು ಮರಿಸ್ವಾಮಿಯದು. ಅವನು ಲಂಗೋಟಿ ಬಿಗಿದು, ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು ಗದೆಗೆ ಕೈ ಹಾಕಿದ. ಗದೆ ಮೊಣಕಾಲಿನವರೆಗೆ ಬಂದು ಇಳಿಯಿತು. ಇನ್ನೊಮ್ಮೆ ಎತ್ತಿದ. ಅಲ್ಲಿಯವರೆಗೂ ಬರಲಿಲ್ಲ. ಎಲ್ಲರೂ ಗೋಡೆಯ ಪಟಗಳನ್ನು ನೋಡುತ್ತ ನಿಂತರು. ಮರಿಸ್ವಾಮಿ ಗದೆಯನ್ನು ಮೆಲ್ಲಗೆ ಇಟ್ಟು, ಅದಕ್ಕೆ ಕೈ ಮುಗಿದು, ಹಿಂದೆ ಹೋಗಿ ಕಂಬಕ್ಕೊರಗಿದ.

"ಮರಿಸ್ವಾಮಿ ಮಾಮಂಗೆ ಏನಾಯ್ತಮ್ಮಾ?" ಎಂದು ಧಾತ್ರಿ ಪಿಸುಗುಟ್ಟಿದಳು.

"ವಯಸ್ಸಾಯ್ತಲ್ಲ" ಎಂದಳು ಸರ್ವಮಂಗಳೆ.

ಅಷ್ಟು ಸರಾಗವಾಗಿ ಆ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ಭಯವಾಯಿತು. ರಿಜಿಸ್ಟರಿನಲ್ಲಿ ಇಪ್ಪತ್ತು ಸಲ ಬರೆದು ಬರೆದು ಸುಳ್ಳು ಅವಳಿಗೆ ಅಭ್ಯಾಸವಾಗಿತ್ತು. ಹೀಗೇ ಬಿಟ್ಟರೆ ಇದು ತನ್ನ ಜೊತೆ ಮುದಿಯಾಗುತ್ತದೆ ಎಂದು ಅವಳಿಗೆ ಅರ್ಥವಾಯಿತು.

ಮರುದಿನ ಬೆಳಗ್ಗೆ ರಿಜಿಸ್ಟರನ್ನು ಕಂಕುಳಲ್ಲಿಟ್ಟುಕೊಂಡು ಒಬ್ಬಳೇ ಅವನ ಮನೆಗೆ ಹೋದಳು. ಮರಿಸ್ವಾಮಿ ಜಗಲಿಯ ಮೇಲೆ ಕೂತಿದ್ದ. ಅವನ ಹೆಂಡತಿ ಪುಟ್ಟಮ್ಮಣ್ಣಿ ಟೀ ತಂದಿಟ್ಟು ಬಾಗಿಲಿಗೊರಗಿ ನಿಂತಳು. ಸರ್ವಮಂಗಳೆ ಟೀ ಮುಟ್ಟದೆ ಎಲ್ಲವನ್ನೂ ಹೇಳಿದಳು. ಓಲೆಕಾರರನ್ನು ಹೇಳಿದಳು, ಅರವತ್ತೊಂದನ್ನು ಹೇಳಿದಳು. ಹಿಡಿತ ಎಂದರೆ ಕೈಯ ಬಿಗಿ ಎಂದು ತಾನು ತಿಳಿದದ್ದನ್ನು ರಿಜಿಸ್ಟರ್ ತೆರೆದು ತೋರಿಸಿ ಹೇಳಿದಳು.

ಮರಿಸ್ವಾಮಿ ಸೊಂಟದ ಮೇಲೆ ಕೈಯಿಟ್ಟುಕೊಂಡ. "ಗರಡೀಲಿ ನೋವು ಅಂತ ಬಾಯಿ ಬಿಟ್ರೆ ಉಸ್ತಾದ್ರು ಹೊಡೀತಿದ್ರು. ಅದಕೆ ಯಾರ್ಗೂ ಹೇಳೋನಲ್ಲ ನಾನು. ನೀವು ದಿನಾ ಹಿಡಿತ ಅದಾ ಅಂತ ಕೇಳೋರು. ಪಾಪ, ಡಾಕ್ಟ್ರಮ್ಮಂಗೆ ನನ್ನ ಮ್ಯಾಲೆ ಎಷ್ಟು ನಿಗಾ ಅಂದ್ಕೊಂಡೆ. ಬರ್ಕೊತಾ ಇದ್ರಲ್ಲ. ಬರ್ಕೊಂಡ ಮೇಲೆ ಗೊತ್ತಿದ್ದೇ ಇರ್ತದೆ, ನಂಗೇನು ಭಯ ಅಂತ ಹೊಡ್ದೆ ಬಸ್ಕಿಯ."

"ತಪ್ಪಾಯ್ತು" ಎಂದಳು ಸರ್ವಮಂಗಳೆ.

"ಯಾವತ್ತು ಗೊತ್ತಾಯ್ತು ನಿಮಗೆ?"

ಇದೊಂದನ್ನು ಅವನು ಕೇಳದಿರಲಿ ಎಂದು ಅವಳು ದಾರಿಯುದ್ದಕ್ಕೂ ಆಸೆಪಟ್ಟಿದ್ದಳು. "ನಲವತ್ತೊಂದನೇ ದಿನ" ಎಂದಳು.

ಅವನು ಬೆರಳು ಮಡಿಸಿ ಎಣಿಸಿದ. ಎಣಿಸಿ ಮುಗಿದ ಮೇಲೂ ಬೆರಳುಗಳನ್ನೇ ನೋಡುತ್ತಿದ್ದ. "ನಾ ಕೇಳ್ದೆ ಆವತ್ತು, ಇನ್ನೆಷ್ಟು ದಿನ ಅಂತ" ಎಂದ. "ಹಿಂಗಾಯ್ತದೆ ಮರಿಸ್ವಾಮಿ, ಕೊಡ್ತೀಯಾ ಅಂತ ಕೇಳಿದ್ರೆ ಕೊಡ್ತಿದ್ನೋ ಏನೋ. ಕೂಸಲ್ವಾ. ಕೇಳ್ಬೇಕಿತ್ತು ನೀವು."

"ನೀರಿನ ಕೊಡ ನಾನು ಎತ್ತಿಡೋಗಂಟ ಇವ್ರು ಆಚೆ ಹೋಗಿ ಕೂತ್ಕತಾರೆ" ಎಂದಳು ಪುಟ್ಟಮ್ಮಣ್ಣಿ ಬಾಗಿಲಿಂದ. "ನಾ ನೋಡಬಾರ್ದಂತೆ, ಅವ್ರು ನೋಡಬಾರ್ದಂತೆ. ಮೂರು ತಿಂಗ್ಳಾಯ್ತು." ಅವಳು ಬಂದು ಆರಿದ ಟೀ ಲೋಟವನ್ನು ತೆಗೆದುಕೊಂಡು ಒಳಗೆ ಹೋದಳು. ಇನ್ನೊಂದು ಲೋಟ ತರಲಿಲ್ಲ.

ಮರಿಸ್ವಾಮಿ ಮುಖ ಎತ್ತದೆಯೇ ಕೇಳಿದ. "ಕೂಸಿಗೆ ಗೊತ್ತಾ?"

"ಇಲ್ಲ."

"ಹೇಳಿ. ತಾನು ಯಾರ ಕಾಲ ಮ್ಯಾಲೆ ನಿಂತದೆ ಅಂತ ಅದಕೂ ಗೊತ್ತಾಗ್ಲಿ. ಆಮೇಲೆ ಬನ್ನಿ ನಂತಾವ."

ಅಮ್ಮನಿಂದ ಎಲ್ಲ ಕೇಳಿದ ಧಾತ್ರಿ ಅಳಲಿಲ್ಲ, ಕೂಗಾಡಲಿಲ್ಲ. ಅದೇ ಊಟದ ಮೇಜಿಗೆ ಕೂತು ಆಯ್ಕೆ ಸಮಿತಿಗೆ ತಾನೇ ಕಾಗದ ಬರೆದಳು. ನಾನು ದಾಟಿಸಿದ ಚೆಂಡು ನನ್ನ ಬಲದಿಂದ ಹೋದದ್ದಲ್ಲ ಎಂಬಲ್ಲಿಗೆ ಶುರು ಮಾಡಿ ಒಂದೂವರೆ ಪುಟ. ಐದನೆಯ ಹೆಸರಿನ ಜಾಗಕ್ಕೆ ಬೇರೆ ಹುಡುಗಿಯನ್ನು ತೆಗೆದುಕೊಂಡರು. ಸರ್ವಮಂಗಳೆ ಕೇಂದ್ರದ ಮೇಲಿನವರಿಗೆ ಎಲ್ಲ ಬರೆದುಕೊಟ್ಟು ಮುಖ್ಯಸ್ಥೆಯ ಕುರ್ಚಿ ಬಿಟ್ಟಳು. ಮನೆಯಲ್ಲಿ ಮಗಳು ಅವಳೊಡನೆ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ಸ್ನಾನ ಮಾಡಿ ಬಂದವಳು ತಲೆ ಒರೆಸುತ್ತ ಕೇಳಿದಳು.

"ಪಟ್ಟಿ ಅದಲು ಬದಲು ಮಾಡಿ ಕಟ್ಟಕ್ಕಾಗಲ್ವಾ? ತಗೊಳ್ಳೋದನ್ನ ಅವರಿಗೆ, ಕೊಡೋದನ್ನ ನಂಗೆ."

ಆಗುತ್ತಿತ್ತು. ಹೊರಗಿನಿಂದ ಮತ್ತೆ ಮತ್ತೆ ಬರೆದರೆ ಓಲೆ ಓದುವುದನ್ನು ಆ ಮೈ ತಿರುಗಿ ಕಲಿಯಬಹುದು. ಸರ್ವಮಂಗಳೆ ಅದೇ ಯೋಚನೆಯಲ್ಲಿ ಎಂಟು ದಿನ ಕಳೆದಿದ್ದಳು. ಕೇಂದ್ರದವರಿಂದ ಅದೊಂದಕ್ಕೆ ಅನುಮತಿಯನ್ನೂ ಕೇಳಿ ಪಡೆದಿದ್ದಳು. ಕೊಡುವವರಿಗೆ ಏನಾಗುತ್ತದೆ ಎಂದು ಈ ಸಲ ಮೊದಲೇ ಬರೆದು, ಮರಿಸ್ವಾಮಿಗೆ ಓದಿ ಹೇಳಿದಳು. ಅವನು ಪೂರ್ತಿ ಕೇಳಿಸಿಕೊಂಡು, ಕೊಡುವವರ ಜಾಗದಲ್ಲಿದ್ದ ಧಾತ್ರಿಯ ಹೆಸರನ್ನು ಹೊಡೆದುಹಾಕಿಸಿದ.

"ಬೆಳೆಯೋ ಮೈ ಅದು. ಅದರ ಭುಜ ತಿದ್ದಿದೋನು ನಾನು, ಹಾಳ್ಮಾಡಕಿಲ್ಲ. ನೀವು ಬೇಕಾರೆ ಬನ್ನಿ."

ಹಾಗೆ ನಲವತ್ತೆಂಟರ ಸರ್ವಮಂಗಳೆ ಮರಿಸ್ವಾಮಿಯ ಮನೆಯ ಅಂಗಳದಲ್ಲಿ ಬಸ್ಕಿ ಹೊಡೆಯತೊಡಗಿದಳು. ಚಿಕ್ಕವಳಿದ್ದಾಗ ಮನೆಲೆಕ್ಕ ಮಾಡದೆ ಹೋಗಿ ಕಿವಿ ಹಿಡಿದು ಹೊಡೆದದ್ದೇ ಕೊನೆ. ಮೊದಲ ದಿನ ಹನ್ನೊಂದಕ್ಕೆ ಕೂತುಬಿಟ್ಟಳು. ತೆಗೆದುಕೊಳ್ಳುವ ಪಟ್ಟಿ ಕಟ್ಟಿಕೊಂಡ ಮರಿಸ್ವಾಮಿ ಎದುರಿಗೆ ಕುರ್ಚಿ ಹಾಕಿ ಕೂತು, ಹಿಮ್ಮಡಿ ಎತ್ತಬ್ಯಾಡಿ, ಬೆನ್ನು ನೆಟ್ಟಗಿರ್ಲಿ, ನೆಲವ ಒತ್ತಿ ಎನ್ನುತ್ತಿದ್ದ. ಪಕ್ಕದಲ್ಲಿ ಯಾವ ಪಟ್ಟಿಯೂ ಇಲ್ಲದೆ ಧಾತ್ರಿ ತನ್ನ ಬಸ್ಕಿ ತಾನು ಹೊಡೆಯುತ್ತಿದ್ದಳು. ಪಟ್ಟಿಯಿಂದ ಬಂದದ್ದೆಲ್ಲ ಸಡಿಲಾಗಿ ಅವಳ ಚೆಂಡು ಮತ್ತೆ ಕೊಳಕ್ಕೆ ಬೀಳುತ್ತಿತ್ತು. ಪುಟ್ಟಮ್ಮಣ್ಣಿ ಒಳಗಿನಿಂದ ನೋಡುತ್ತಿದ್ದಳು, ಮಾತಾಡುತ್ತಿರಲಿಲ್ಲ.

ಮೂರನೆಯ ವಾರಕ್ಕೆ ನಲವತ್ತು ಬಸ್ಕಿಯಾಯಿತು. ಆವತ್ತು ಮುಗಿಸಿ ಏಳುವಾಗ ಸರ್ವಮಂಗಳೆಯ ನಡುವಿನಲ್ಲಿ ಏನೋ ಕಚ್ಚಿಕೊಂಡಿತು. ಅವಳು ತೋರಗೊಡದೆ ಬಂದು ಜಗಲಿಯ ಮೇಲೆ ಕೂತಳು. ಮರಿಸ್ವಾಮಿ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಕನ್ನಡಕ ಏರಿಸಿ, ಕಲಮಿನ ಮೇಲೆ ಬೆರಳಿಟ್ಟು ಓದಿದ. ಬರೆಯುವ ಕೆಲಸವನ್ನು ಮೊದಲ ದಿನವೇ ಅವನು ತಾನೇ ವಹಿಸಿಕೊಂಡಿದ್ದ.

"ನಿದ್ರೆ?"

"ಬರುತ್ತೆ."

"ಹಸಿವು?"

"ಇದೆ."

"ಉಸಿರು?"

"ಪರವಾಗಿಲ್ಲ."

"ಹಿಡಿತ?"

"ಇದೆ" ಎಂದಳು.

ಪೆನ್ಸಿಲು ಕಾಗದದ ಮೇಲೆ ಇಳಿಯಲಿಲ್ಲ. ಮರಿಸ್ವಾಮಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ.

"ಯಾವ ಹಿಡಿತ ಡಾಕ್ಟ್ರಮ್ಮ? ಕೈದಾ, ಸೊಂಟದ್ದಾ?"

ಅರವತ್ತು ದಿನದಲ್ಲಿ ಒಂದು ದಿನ ಅವಳು ಇಷ್ಟು ಕೇಳಿದ್ದರೆ ಸಾಕಿತ್ತು. ಧಾತ್ರಿ ಬಸ್ಕಿ ನಿಲ್ಲಿಸಿ ಅಮ್ಮನ ಕಡೆ ತಿರುಗಿದಳು.

"ಸೊಂಟದ್ದು" ಎಂದಳು ಸರ್ವಮಂಗಳೆ.

ಮರಿಸ್ವಾಮಿ ಅಷ್ಟನ್ನೂ ನಿಧಾನವಾಗಿ ಬರೆದುಕೊಂಡ. ಆಮೇಲೆ ರಿಜಿಸ್ಟರ್ ಮುಚ್ಚಿ, ಕುರ್ಚಿಯ ಕೈ ಊರಿ ಎದ್ದು ಬಂದು, ಅವಳ ಬೆನ್ನ ಹಿಂದೆ ನಿಂತು ಪಟ್ಟಿಯ ಕೊಂಡಿ ಬಿಚ್ಚಿದ.

"ಸಾಕು" ಎಂದ. "ಸೊಂಟ ಬಿಡೋಗಂಟ ಬ್ಯಾಡ."